ಸೂಜಿಗೆ ದಾರ ಹಾಕಿಕೊಡುವವರು ಯಾರು?

ಗಣಪತಿ ಹಬ್ಬದ ಆಸುಪಾಸಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವುದಾದರೂ ಊರಿನ ಶಾಲೆ ಮೈದಾನದ ಪಕ್ಕ ಹಾದುಹೋದರೆ ಮೈಕಿನ ಸದ್ದು ಕಿವಿಗೆ ಬೀಳದೆ ಇರುವುದಿಲ್ಲ. ಹೆಂಗಸರ ಆಟೋಟದ ಪಟ್ಟಿಯಲ್ಲಿ ಮ್ಯೂಸಿಕಲ್ ಚೇರ್, ಚಮಚದ ಮೇಲೆ ನಿಂಬೆಹಣ್ಣು, ಹಗ್ಗಜಗ್ಗಾಟಗಳ ಜೊತೆ ಸೂಜಿಗೆ ದಾರ ಪೋಣಿಸುವ ಸ್ಪರ್ಧೆಯೂ ಸಾಮಾನ್ಯವಾಗಿ ಇರುತ್ತದೆ. ಮೈಕ್ ಹಿಡಿದವರಿಗೆ ಅದು ತಮಾಷೆಯ ಐಟಂ. ಸೀಟಿ ಊದಿದ ಕೂಡಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುವವರು ಓಡುತ್ತಾರೆ. ಆ ಬದಿಯಲ್ಲಿ ಇಟ್ಟಿರುವ ಸೂಜಿ ಎತ್ತಿಕೊಂಡು, ಕೈಯಲ್ಲಿರುವ ದಾರ ಪೋಣಿಸಿ, ಅದನ್ನು ಹಿಡಿದು ವಾಪಸು ಬರಬೇಕು.

ಗಮನಿಸಿ ನೋಡಿ, ಎಲ್ಲರಿಗಿಂತ ಮೊದಲು ಸೂಜಿ ಮುಟ್ಟಿದವರು ಗೆಲ್ಲುವುದು ಅಪರೂಪ. ಓಡಿ ಬಂದ ಏದುಸಿರಿಗೆ ಕೈ ನಡುಗುತ್ತದೆ. ಬಲಗೈಯಲ್ಲಿ ಎರಡು ಬೆರಳುದ್ದ ದಾರ ಇಳಿಬಿಟ್ಟುಕೊಂಡು, ಎಡಗೈಯಲ್ಲಿ ಸೂಜಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಚ್ಚುತ್ತಾರೆ. ದಾರದ ತುದಿ ಸೂಜಿಕಣ್ಣಿನ ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ, ಬಾಗುತ್ತದೆ. ಅಷ್ಟರಲ್ಲಿ ನಿಧಾನವಾಗಿ ನಡೆದು ಬಂದ ಯಾರೋ ಒಬ್ಬರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಎರಡೂ ಮುಂಗೈಗಳನ್ನು ಮೊಣಕಾಲಿಗೆ ಆನಿಸಿ, ಹೆಬ್ಬೆರಳು ತೋರುಬೆರಳ ಮಧ್ಯೆ ದಾರ ಅವುಚಿ, ತುದಿ ಎಳ್ಳಿನಷ್ಟೇ ಕಾಣುವಂತೆ ಮಾಡಿ, ಅದರ ಮೇಲೆ ಸೂಜಿಯನ್ನೇ ತಂದು ಇಳಿಸುತ್ತಾರೆ. ಮುಗಿಯಿತು. ಬಹುಮಾನದ ಸ್ಟೀಲ್ ಡಬ್ಬಿ ಅವರ ಮನೆಗೆ.

ಇಡೀ ವಿದ್ಯೆ ಇರುವುದು ಆ ಒಂದು ಕ್ಷಣದಲ್ಲಿ. ಸೂಜಿಗೆ ದಾರವನ್ನು ಒಯ್ಯಬಾರದು, ದಾರಕ್ಕೆ ಸೂಜಿಯನ್ನು ತರಬೇಕು. ದಾರ ಮೆತ್ತಗಿನ ವಸ್ತು; ಎರಡು ಬೆರಳಿನಾಚೆ ಅರ್ಧ ಇಂಚು ಚಾಚಿದರೂ ಅದು ನಮ್ಮ ಮಾತು ಕೇಳುವುದಿಲ್ಲ. ಸೂಜಿ ಗಟ್ಟಿ, ಎಲ್ಲಿಗೆ ತಿರುಗಿಸಿದರೆ ಅಲ್ಲಿಗೆ ತಿರುಗುತ್ತದೆ. ಗಟ್ಟಿಯಾದದ್ದನ್ನು ಅಲುಗಾಡಿಸಿ, ಮೆತ್ತಗಿನದನ್ನು ಬಿಗಿಹಿಡಿದಿಡುವುದು ಬುದ್ಧಿವಂತರ ಕೆಲಸ. ಹೇಳಿದರೆ ಇಷ್ಟೇ. ಆದರೂ ಹತ್ತರಲ್ಲಿ ಎಂಟು ಮಂದಿ ಜೀವನಪೂರ್ತಿ ಉಲ್ಟಾ ಮಾಡುತ್ತಾರೆ, ಏಕೆಂದರೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಹೊಲಿಗೆ ತರಗತಿಯಲ್ಲೂ ಪಾಠ ಶುರುವಾಗುವುದು ದಾರ ಹಾಕಿದ ನಂತರವೇ.

ದಾರದ ತುದಿಯ ವಿಷಯ ಇನ್ನೂ ಸ್ವಾರಸ್ಯದ್ದು. ಹೊಲಿಗೆ ದಾರ ಒಂದೇ ಎಳೆಯದಲ್ಲ; ಎರಡೋ ಮೂರೋ ಎಳೆಗಳನ್ನು ಹೊಸೆದು ಮಾಡಿದ್ದು. ಕೈಯಿಂದ ಜಗ್ಗಿ ತುಂಡು ಮಾಡಿದರೆ ಹೊಸೆತ ಬಿಚ್ಚಿ, ಒಂದೊಂದು ಎಳೆ ಒಂದೊಂದು ಕಡೆಗೆ ಚದುರಿ ನಿಲ್ಲುತ್ತದೆ. ಹಲ್ಲಿನಲ್ಲಿ ಕಚ್ಚಿದರೆ ತುದಿ ಚಪ್ಪಟೆಯಾಗಿ ನಾರುನಾರಾಗುತ್ತದೆ. ವರ್ಷಗಟ್ಟಲೆ ಹಾಗೆ ಕಚ್ಚುವ ಹೊಲಿಗೆಯವರ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಬೀಳುವುದನ್ನು ದಂತವೈದ್ಯರು ಬಲ್ಲರು. ಹರಿತ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದರೆ ಮಾತ್ರ ತುದಿ ಚೂಪಾಗಿ, ಎಳೆಗಳು ಒಟ್ಟಿಗೆ ನಿಲ್ಲುತ್ತವೆ. ಇನ್ನೊಂದು ಕಿವಿಮಾತು: ರೀಲಿನಿಂದ ಮೊದಲು ಬಿಚ್ಚಿಕೊಂಡ ತುದಿಯನ್ನೇ ಸೂಜಿಗೆ ಹಾಕಿ, ಆಮೇಲೆ ಕತ್ತರಿಸಿದ ತುದಿಗೆ ಗಂಟು ಹಾಕಿ ಎನ್ನುತ್ತಾರೆ ಹಳೆಯ ಕೈಗಳು. ಆಗ ದಾರ ಹೊಸೆದ ದಿಕ್ಕಿನಲ್ಲೇ ಬಟ್ಟೆಯೊಳಗೆ ಓಡುತ್ತದೆ, ಸುರುಳಿ ಸುತ್ತಿಕೊಳ್ಳುವುದು ಕಮ್ಮಿ.

ತುದಿಗೆ ಎಂಜಲು ಹಚ್ಚುವುದು ಎಲ್ಲರ ಅಭ್ಯಾಸ. ಅದರಲ್ಲಿ ಅರ್ಧ ಮಾತ್ರ ಸರಿ. ತೇವ ತಾಗಿದಾಗ ಬಿಚ್ಚಿದ ಎಳೆಗಳು ಅಂಟಿಕೊಳ್ಳುತ್ತವೆ, ನಿಜ. ಆದರೆ ಹತ್ತಿ ನೀರು ಕುಡಿದರೆ ಉಬ್ಬುತ್ತದೆ. ಮೊದಲೇ ಸಣ್ಣ ಕಣ್ಣಿಗೆ ಉಬ್ಬಿದ ದಾರ ತುರುಕಿದಂತೆ ಆಯಿತು. ಅದಕ್ಕೇ ಕೆಲವರು ದಾರವನ್ನು ಬಿಟ್ಟು ಸೂಜಿಯ ಕಣ್ಣನ್ನೇ ಒದ್ದೆ ಮಾಡುತ್ತಾರೆ. ಕಣ್ಣಿನಲ್ಲಿ ನಿಂತ ಆ ತೇವವೇ ಒಣ ಹತ್ತಿದಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಾಲಿಯೆಸ್ಟರ್ ದಾರ ನೀರನ್ನು ಹೀರುವುದೇ ಇಲ್ಲವಾದ್ದರಿಂದ ಅದಕ್ಕೆ ಎಷ್ಟು ಎಂಜಲು ಹಚ್ಚಿದರೂ ದೊಡ್ಡ ಉಪಕಾರವಿಲ್ಲ. ಅದಕ್ಕೆ ಮದ್ದು ಜೇನುಮೇಣ. ಜೇನುಪೆಟ್ಟಿಗೆ ಇಟ್ಟ ಮಲೆನಾಡಿನ ಮನೆಗಳಲ್ಲಿ ತುಪ್ಪ ತೆಗೆದ ಮೇಲೆ ಉಳಿದ ಮೇಣವನ್ನು ಕಾಯಿಸಿ ಉಂಡೆ ಮಾಡಿ ಇಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಜೇನಿನ ಕುಟುಂಬಗಳು ದಕ್ಷಿಣ ಭಾರತದುದ್ದಕ್ಕೂ ನೆಲಕಚ್ಚಿದಾಗ ಎಷ್ಟೋ ಮನೆಗಳ ಪೆಟ್ಟಿಗೆಗಳು ಖಾಲಿಯಾದವು, ಮೇಣದ ಉಂಡೆಯೂ ಹೋಯಿತು. ಒಣಗಿದ ಸೋಪಿನ ಚೂರಿನ ಮೇಲೆ ಒಮ್ಮೆ ದಾರ ಎಳೆದರೂ ಕೆಲಸ ನಡೆಯುತ್ತದೆ.

ಎಂಜಲಿನ ಮಾತಿಗೆ ಇನ್ನೊಂದು ಮುಖ ಇದೆ. ಮಡಿ ಪಾಲಿಸುವ ಶೃಂಗೇರಿ ಸೀಮೆಯ ಮನೆಗಳಲ್ಲಿ ದೇವರಿಗೆ ಏರಿಸುವ ಹೂವಿಗೆ ಬಾಯಿಗೆ ತಾಗಿದ ದಾರ ಮುಟ್ಟುವ ಹಾಗಿಲ್ಲ. ಹಾಗಾಗಿ ಹೂ ಕಟ್ಟಲು ನೀರಲ್ಲಿ ನೆನೆಸಿದ ಬಾಳೆನಾರು. ಬೆಳಗ್ಗೆ ಮರದಡಿ ಉದುರಿ ಬಿದ್ದಿರುವ ರಂಜದ ಹೂವಿಗಂತೂ ಸೂಜಿಯೇ ಬೇಡ. ಹೂವಿನ ನಡುವೆ ಹುಟ್ಟುವಾಗಲೇ ತೂತಿದೆ, ನಾರಿನ ತುದಿ ಚೂಪು ಮಾಡಿ ಪೋಣಿಸುತ್ತಾ ಹೋದರಾಯಿತು. ಮಕ್ಕಳ ಬೆರಳಿಗೆ ಪೋಣಿಸುವ ಮೊದಲ ಪಾಠ ಆಗುತ್ತಿದ್ದುದು ಈ ಹೂವಿನಿಂದಲೇ.

ಗಾಜಿನ ಹಂಚಿನ ಕೆಳಗೆ

ಮಲೆನಾಡಿನಲ್ಲಿ ಸೂಜಿಗೆ ದಾರ ಹಾಕುವುದೆಂದರೆ ಮೊದಲು ಬೆಳಕು ಹುಡುಕುವುದು. ಹೆಂಚಿನ ಮಾಡು, ತಗ್ಗು ಸೂರು, ಸಣ್ಣ ಕಿಟಕಿ, ಸುತ್ತ ತೋಟ. ಮಳೆ ಒಳಗೆ ಎರಚದಿರಲೆಂದು ಕಟ್ಟಿದ ಮನೆಯೊಳಗೆ ಬೆಳಕೂ ಬರುವುದಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಮಂಗಳೂರು ಹಂಚಿನ ಮಾಡುಗಳಿಗೆ ನಡುನಡುವೆ ಒಂದೆರಡು ಗಾಜಿನ ಹಂಚು ಕೂರಿಸುವುದು ರೂಢಿಯಾಯಿತು. ಹಗಲು ಹನ್ನೊಂದರ ಹೊತ್ತಿಗೆ ಅದರಿಂದ ಇಳಿಯುವ ಬಿಸಿಲ ಕೋಲು ನೆಲದ ಮೇಲೆ ಒಂದು ಚೌಕ ಮಾಡುತ್ತದೆ. ಅಕ್ಕಿ ಆರಿಸುವುದು, ತಲೆ ಬಾಚುವುದು, ಕಾಲಿನ ಮುಳ್ಳು ತೆಗೆಯುವುದು, ಬಟ್ಟೆ ಹೊಲಿಯುವುದು ಎಲ್ಲ ಆ ಚೌಕದೊಳಗೆ. ಚೌಕ ಸರಿದಂತೆ ಕೂತವರೂ ಸರಿಯುತ್ತಾರೆ.

ಜೂನ್ ಬಂದರೆ ಆ ಚೌಕವೂ ಇಲ್ಲ. ಶೃಂಗೇರಿ ದಾಟಿ ಸ್ವಲ್ಪ ದೂರ ಹೋದರೆ ಆಗುಂಬೆ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವುದುಂಟು. ಭದ್ರಾ ಹಿನ್ನೀರಿನ ಕಡೆಯ ನರಸಿಂಹರಾಜಪುರಕ್ಕೆ ಅಷ್ಟು ಇಲ್ಲದಿದ್ದರೂ ಕೊಪ್ಪ, ಶೃಂಗೇರಿಯವರಿಗೆ ಆಷಾಢದಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಗಾಜಿನ ಹಂಚಿನ ಮೇಲೆ ಪಾಚಿ ಕಟ್ಟುತ್ತದೆ. ಎಲ್ಲೋ ಮರ ಬಿದ್ದು ಲೈನ್ ಹೋದರೆ ಕರೆಂಟಿಗೆ ದಿನಗಟ್ಟಲೆ ಕಾಯಬೇಕು. ವಿಚಿತ್ರವೆಂದರೆ ಕೈಹೊಲಿಗೆಗೆ ಬಿಡುವು ಸಿಗುವುದೂ ಅದೇ ಮಳೆಗಾಲದಲ್ಲಿ. ಅಡಿಕೆ ಕೊಯ್ಲು ಶುರುವಾದರೆ ಹೆಂಗಸರಿಗೆ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಬೆಳಕಿದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ಬೆಳಕಿಲ್ಲ.

ಹೀಗಿದ್ದಾಗ ಕಣ್ಣಿಗೆ ಸಹಾಯ ಮಾಡುವ ಉಪಾಯ ಒಂದಿದೆ, ಕಾಸು ಖರ್ಚಿಲ್ಲದ್ದು. ಸೂಜಿಯನ್ನು ಆಕಾಶಕ್ಕೋ ಬಲ್ಬಿಗೋ ಹಿಡಿದು ನೋಡುವ ಬದಲು ಅದರ ಹಿಂದೆ ದಾರದ ಬಣ್ಣಕ್ಕೆ ವಿರುದ್ಧವಾದದ್ದನ್ನು ಇಟ್ಟುಕೊಳ್ಳಿ. ಕಪ್ಪು ದಾರಕ್ಕೆ ಬಿಳಿ ಕಾಗದ, ಬಿಳಿ ದಾರಕ್ಕೆ ಕಪ್ಪು ಬಟ್ಟೆ. ಬಲ್ಬಿನ ಕಡೆ ಹಿಡಿದರೆ ಕಣ್ಣಿಗೆ ಬೆಳಕು ಹೊಡೆದು ತೂತು ಕಾಣುತ್ತದೆ, ದಾರ ಕಾಣುವುದಿಲ್ಲ. ಒಂದು ಬದಿಯಿಂದ ದಾರ ಹೋಗದೆ ಹಟ ಹಿಡಿದರೆ ಸೂಜಿಯನ್ನು ತಿರುಗಿಸಿ ಇನ್ನೊಂದು ಬದಿಯಿಂದ ಹಾಕಿ ನೋಡಿ. ಕಾರ್ಖಾನೆಯಲ್ಲಿ ಒತ್ತಿ ತೂತು ಮಾಡಿದ ಕಣ್ಣಿನ ಎರಡು ಮುಖವೂ ಒಂದೇ ಸಮ ನಯವಾಗಿರಬೇಕೆಂದೇನಿಲ್ಲ.

ಈ ಮಳೆಗಾಲದ ಸಂಜೆಗಳಲ್ಲೇ ಮಲೆನಾಡಿನ ಜಗಲಿಗಳಲ್ಲಿ ತಾಳಮದ್ದಳೆ ನಡೆಯುವುದು. ‘ಕೃಷ್ಣ ಸಂಧಾನ’ ಪ್ರಸಂಗ ಹಾಕಿದರೆ ಸೂಜಿಯ ಮಾತು ಬಂದೇ ಬರುತ್ತದೆ: ಪಾಂಡವರಿಗೆ ಸೂಜಿಮೊನೆ ಊರುವಷ್ಟು ನೆಲವನ್ನೂ ಕೊಡೆನೆನ್ನುತ್ತಾನೆ ದುರ್ಯೋಧನ. ಒಳ್ಳೆಯ ಅರ್ಥಧಾರಿಯಾದರೆ ಆ ಮೊನೆಯ ಮೇಲೆಯೇ ಕಾಲು ಗಂಟೆ ಮಾತಾಡಬಲ್ಲ. ಮೊನೆಗೆ ಭಾರತದಲ್ಲಿ ಸ್ಥಾನ ಸಿಕ್ಕಿತು, ಹಿಂಬದಿಯ ಕಣ್ಣಿಗೆ ಸಿಗಲಿಲ್ಲ ಎಂಬುದು ನನ್ನ ತಕರಾರು. ಮೊನೆಯಲ್ಲಿ ಹೊಸತೇನಿದೆ? ಮುಳ್ಳಿಗೂ ಮೊನೆಯಿದೆ. ಚೂಪಾದ ಮೂಳೆಯಲ್ಲಿ ತೊಗಲಿಗೆ ತೂತು ಕೊರೆಯುವುದು ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ತೂತು ಕೊರೆಯುವ ಹತಾರಕ್ಕೇ ಒಂದು ತೂತು ಕೊರೆದು, ದಾರವನ್ನೂ ಅದರ ಬೆನ್ನಿಗೆ ಕಳಿಸಬೇಕೆಂದು ಹೊಳೆದದ್ದು ಎಷ್ಟೋ ಕಾಲದ ಮೇಲೆ. ಕಣ್ಣಿರುವ ಮೂಳೆಸೂಜಿಗಳಲ್ಲಿ ತೀರಾ ಹಳೆಯವು ಸಿಕ್ಕಿರುವುದು ಸೈಬೀರಿಯಾದಲ್ಲಿ, ಸುಮಾರು 40,000 ವರ್ಷ ಹಿಂದಿನವು. ಅಲ್ಲಿನ ಚಳಿಗೆ ಮೈಗೆ ಅಂಟುವ ಹಾಗೆ ಹೊಲಿದುಕೊಳ್ಳದೆ ಜೀವ ಉಳಿಯುತ್ತಿರಲಿಲ್ಲ.

ಚಾಳೀಸಿನ ಲೆಕ್ಕ

ಹತ್ತು ವರ್ಷದ ಮಗು ವಸ್ತುವನ್ನು ಕಣ್ಣಿಗೆ ಸುಮಾರು 7 ಸೆಂಟಿಮೀಟರ್ ಹತ್ತಿರ ತಂದರೂ ಸ್ಪಷ್ಟವಾಗಿ ನೋಡಬಲ್ಲದು. ಇಪ್ಪತ್ತಕ್ಕೆ ಅದು 10 ಸೆಂಟಿಮೀಟರ್ ಆಗುತ್ತದೆ. ನಲವತ್ತಕ್ಕೆ 22ರ ಸುಮಾರು. ಅರವತ್ತಕ್ಕೆ ಬಂದಾಗ ಕನ್ನಡಕ ಇಲ್ಲದೆ ಸ್ಪಷ್ಟ ಕಾಣಬೇಕಾದರೆ ಒಂದು ಮೀಟರ್ ಆಚೆ ಹಿಡಿಯಬೇಕು, ಅಂದರೆ ಕೈಯೇ ಸಾಲುವುದಿಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಿನ ಜೊತೆ ಗಟ್ಟಿಯಾಗುತ್ತದೆ, ಹತ್ತಿರದ ವಸ್ತುವಿಗಾಗಿ ಉಬ್ಬಲು ಒಲ್ಲೆ ಎನ್ನುತ್ತದೆ. ಅದೇ ಚಾಳೀಸು. ಓದುವ ಅಭ್ಯಾಸ ಇಲ್ಲದವರಿಗೆ ಚಾಳೀಸು ಬಂದದ್ದು ಮೊದಲು ಗೊತ್ತಾಗುವುದೇ ಸೂಜಿ ಹಿಡಿದಾಗ. ‘ಎಂಥದು ಮಾರಾಯ್ತಿ, ಈ ಸಲದ ಸೂಜಿಗೆ ಕಣ್ಣೇ ಇಲ್ಲ’ ಎಂದು ಅಂಗಡಿಯವನನ್ನು ಬಯ್ಯುವ ಹಂತ ದಾಟಿದ ಮೇಲೆಯೇ ಕಣ್ಣಿನ ಡಾಕ್ಟರ ನೆನಪು.

ಸಣ್ಣ ಸೂಜಿಯ ಕಣ್ಣಿನ ಅಗಲ ಅರ್ಧ ಮಿಲಿಮೀಟರಿಗೂ ಕಮ್ಮಿ. ಹಾಗಾಗಿ ಹೊಲಿಯಲು ಬರುವವರ ಕಣ್ಣು ಕಾಣುವುದಿಲ್ಲ, ಕಣ್ಣು ಕಾಣುವವರಿಗೆ ಹೊಲಿಯಲು ಬರುವುದಿಲ್ಲ. ಇದನ್ನು ನಮ್ಮ ಕೂಡುಕುಟುಂಬಗಳು ಬಹಳ ಸುಲಭವಾಗಿ ಬಗೆಹರಿಸಿಕೊಂಡಿದ್ದವು. ಹೊಲಿಗೆ ಅಜ್ಜಿಯದು, ಪೋಣಿಸುವುದು ಮೊಮ್ಮಕ್ಕಳದು. ‘ಮಾಣಿ, ಇಲ್ ಬಾ, ಇದಕ್ಕೊಂದು ದಾರ ಹಾಕಿಕೊಡು’ ಎಂಬ ಕರೆ ಬಂದರೆ ಆಟ ಬಿಟ್ಟು ಹೋಗಬೇಕಿತ್ತು. ಸಂಬಳವಾಗಿ ಒಂದು ಚೂರು ಬೆಲ್ಲ. ಚುರುಕು ಮಕ್ಕಳು ಮತ್ತೆ ಮತ್ತೆ ಕರೆಯಬಾರದೆಂದು ಮಾರುದ್ದದ ದಾರ ಹಾಕಿಕೊಟ್ಟು ಓಡುತ್ತಿದ್ದರು. ಅದು ಗಂಟು ಬಿದ್ದು ಅಜ್ಜಿಯಿಂದ ಬೈಗುಳ ಬೀಳುತ್ತಿತ್ತು. ದೀಪ ಹಚ್ಚಿದ ಮೇಲೆ ನೆರೆಮನೆಗೆ ಸೂಜಿ ಕೊಡಬಾರದು, ಕೊಡುವಾಗ ಕೈಯಿಂದ ಕೈಗೆ ಕೊಡದೆ ನೆಲದ ಮೇಲಿಡಬೇಕು, ಮೈಮೇಲಿರುವ ಬಟ್ಟೆಯನ್ನು ಹೊಲಿಯಬಾರದು ಎಂಬ ನೇಮಗಳನ್ನೂ ಮಕ್ಕಳು ಕಲಿಯುತ್ತಿದ್ದುದು ಅಲ್ಲೇ. ಕತ್ತಲಲ್ಲಿ ಬಿದ್ದ ಸೂಜಿ ಯಾರ ಕಾಲಿಗೆ ಚುಚ್ಚುತ್ತದೋ ಹೇಳಲಾಗದು ಎಂದು ಯೋಚಿಸಿದರೆ ಮೊದಲೆರಡು ನೇಮಗಳನ್ನು ಮೂಢನಂಬಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಈ ಮೂರು ತಾಲ್ಲೂಕಿನ ಒಳದಾರಿಗಳಲ್ಲಿ ನಡೆದರೆ ಕಾಣುವುದು ಬೇರೆ ಚಿತ್ರ. ಎಂಟು ಕೋಣೆಯ ಮನೆ, ಒಳಗೆ ಎಪ್ಪತ್ತು ದಾಟಿದ ಇಬ್ಬರು, ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ವಿಡಿಯೊ ಕಾಲ್‌ನಲ್ಲಿ. ತೋಟದ ಕೆಲಸಕ್ಕೆ ಜನ ಸಿಗದಿರುವ ಕಷ್ಟದ ಬಗ್ಗೆ, ಎಲೆಚುಕ್ಕಿ ರೋಗದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ರವಿಕೆಯ ಹುಕ್ಕು ಕಿತ್ತುಹೋದರೆ ವಾರಗಟ್ಟಲೆ ಪಿನ್ನಿನಲ್ಲೇ ದೂಡುವ ಅಜ್ಜಿಯ ಕಷ್ಟ ಯಾವ ಮನವಿಪತ್ರದಲ್ಲೂ ಸೇರುವುದಿಲ್ಲ. ಹುಕ್ಕು ಹೊಲಿಯಲು ಆಕೆಗೆ ಈಗಲೂ ಬರುತ್ತದೆ. ಬೆರಳಿಗೆ ಅಭ್ಯಾಸವಾದದ್ದು, ಕಣ್ಣು ಅಷ್ಟಾಗಿ ಬೇಕಿಲ್ಲ. ಕಣ್ಣು ಬೇಕಾಗುವುದು ಮೊದಲ ಅರ್ಧ ನಿಮಿಷಕ್ಕೆ ಮಾತ್ರ.

ಏನೇನು ಹೊಲಿಯುತ್ತಿದ್ದರು

ಶೃಂಗೇರಿಯ ಮಠದಲ್ಲಿ ಗುರುಗಳ ದರ್ಶನಕ್ಕೆ ಹೋಗುವ ಗಂಡಸರು ಅಂಗಿ ಕಳಚಿ ಪಂಚೆ, ಶಲ್ಯದಲ್ಲಿ ಹೋಗಬೇಕು. ಮಡಿಗೆ ಹೊಲಿಗೆ ಇಲ್ಲದ ಬಟ್ಟೆಗೇ ಮರ್ಯಾದೆ. ತುಂಗೆಯ ದಂಡೆಯ ಆ ಊರಿನಲ್ಲಿ ಸೂಜಿಗೆ ಸಲ್ಲುವ ಗೌರವ ಎರಡನೆಯ ದರ್ಜೆಯದು ಎನ್ನಬಹುದು. ಆದರೂ ಸೂಜಿಯಿಲ್ಲದೆ ಮಲೆನಾಡಿನ ಮನೆ ನಡೆದದ್ದಿಲ್ಲ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವಂತಿಲ್ಲ ಎಂದು ಮೆತ್ತಗಾದ ಹಳೆ ಸೀರೆಯಲ್ಲಿ ಹೊಲಿದ ಕುಲಾವಿ. ಚಳಿಗೆ ಕುತ್ತಿಗೆಯವರೆಗೆ ಇಳಿಯುವ ಕುಂಚಿಗೆ. ಮಗುವಿನ ಬಟ್ಟೆಗೆ ಗಂಟು ಒಳಗೆ ಬರಬಾರದು, ಎಳೆ ಚರ್ಮಕ್ಕೆ ಒತ್ತುತ್ತದೆ. ಆದ್ದರಿಂದ ಗಂಟೇ ಹಾಕದೆ ಒಂದೇ ಜಾಗದಲ್ಲಿ ಎರಡು ಸಲ ಹೊಲಿಗೆ ಹಾಕಿ ದಾರವನ್ನು ಕಟ್ಟುತ್ತಾರೆ. ಕೂಲಿಗೆ ಹೋಗುವವರ ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ನೆನೆಸಿ ಮೆತ್ತಗಾದ ಹಾಳೆಯನ್ನು ಮಡಿಚಿ, ಮೂಲೆಗೆ ಹೊಲಿಗೆ ಹಾಕಿದರೆ ಬಿಸಿಲಿಗೂ ಹೊರೆಗೂ ಆಯಿತು.

ಇನ್ನು ಅಡಿಕೆ ಚೀಲದ ಬಾಯಿ ಹೊಲಿಯುವುದು ಗಂಡಸರ ಕೆಲಸ, ಅದಕ್ಕೆ ದಬ್ಬಣ. ಗೋಣಿದಾರ ಹೋಗುವಷ್ಟು ದೊಡ್ಡ ಕಣ್ಣು ಇದರದು. ಚಾಳೀಸು ಬಂದವರೂ ಕತ್ತಲಲ್ಲೇ ಪೋಣಿಸಬಲ್ಲರು. ಆದರೆ ಸುತಳಿಯ ತುದಿ ಜಡೆ ಬಿಚ್ಚಿದ ಹಾಗೆ ಹರಡಿಕೊಂಡಿರುವುದರಿಂದ ಅದನ್ನು ನೇರ ತೂರಿಸಲಾಗದು. ಸುತಳಿಯನ್ನು ದಬ್ಬಣದ ಮೇಲೆ ಮಡಿಚಿ, ಮಡಿಕೆಯನ್ನು ಬೆರಳಿನಲ್ಲಿ ಗಟ್ಟಿ ಹಿಸುಕಿ, ದಬ್ಬಣವನ್ನು ಮೆಲ್ಲಗೆ ಜಾರಿಸಿ ಹೊರತೆಗೆದು, ಆ ಮಡಿಕೆಯನ್ನೇ ಕಣ್ಣಿಗೆ ಒತ್ತಬೇಕು. ಕಸೂತಿಯ ಉಣ್ಣೆದಾರಕ್ಕೂ ಇದೇ ಪಟ್ಟು. ಈಗ ಮಂಡಿಗಳಲ್ಲಿ ಚೀಲದ ಬಾಯಿಗೆ ಕೈಯಲ್ಲಿ ಹಿಡಿಯುವ ಕರೆಂಟಿನ ಹೊಲಿಗೆಯಂತ್ರ ಬಂದಿದೆ, ದಬ್ಬಣ ಮನೆಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಕೊಂಡು ಕೂತಿದೆ.

ಪೇಟೆಯಲ್ಲಿ ಕೈಸೂಜಿ ಸತ್ತಿಲ್ಲ. ಸೀರೆ ಅಂಗಡಿಯ ಸುತ್ತಮುತ್ತ ಮನೆಯಲ್ಲೇ ಕೂತು ಫಾಲ್ಸ್ ಹಚ್ಚುವ, ಸೆರಗಿಗೆ ಕುಚ್ಚು ಕಟ್ಟುವ ಹೆಂಗಸರಿಗೆ ಮದುವೆಯ ತಿಂಗಳುಗಳಲ್ಲಿ ಕೈತುಂಬ ಕೆಲಸ. ಅವರ ಪೈಕಿ ನಲವತ್ತು ದಾಟಿದವರು ಬಹಳ. ಎಲ್ಲರ ಬಾಯಲ್ಲೂ ಒಂದೇ ದೂರು: ಹೊಲಿಯಲು ಹಿಡಿಯುವ ಹೊತ್ತಿಗಿಂತ ದಾರ ಹಾಕಲು ಹಿಡಿಯುವ ಹೊತ್ತು ಕಣ್ಣು ಸುಸ್ತು ಮಾಡುತ್ತದೆ.

ಸೂಜಿ ಬರುತ್ತಿದ್ದುದಾದರೂ ಎಲ್ಲಿಂದ? ಹಳ್ಳಿಮನೆಗೆ ಬಳೆಗಾರ ತರುತ್ತಿದ್ದ. ಬಳೆಯ ಜೊತೆ ಪಿನ್ನು, ಸೂಜಿ, ಟೇಪು. ಉದುರಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿ ತುರುಕಿಟ್ಟು, ಕೂದಲು ಕೊಳ್ಳುವವರು ಬಂದಾಗ ಕೊಟ್ಟು ಸೂಜಿ-ಪಿನ್ನು ಪಡೆಯುವ ವ್ಯಾಪಾರವೂ ಇತ್ತು. ಒಂದು ಕಾಲಕ್ಕೆ ಜಗತ್ತಿನ ಸೂಜಿಗಳ ಬಹುಪಾಲು ತಯಾರಾಗುತ್ತಿದ್ದುದು ಇಂಗ್ಲೆಂಡಿನ ರೆಡ್ಡಿಚ್ ಮತ್ತು ಅದರ ಪಕ್ಕದ ಸ್ಟಡ್ಲಿಯಲ್ಲಿ. ಸ್ಟಡ್ಲಿಯ ಕಂಪನಿ 1949ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಕೇತ್ತಿಯಲ್ಲಿ ನೀಡಲ್ ಇಂಡಸ್ಟ್ರೀಸ್ (ಇಂಡಿಯಾ) ಎಂಬ ಕಾರ್ಖಾನೆ ಹಾಕಿತು. ಪೋನಿ ಹೆಸರಿನ ಸೂಜಿ ಅದರದ್ದೇ. ಕಾನೂನು ಓದುವವರಿಗೆ ಈ ಕಾರ್ಖಾನೆಯ ಹೆಸರು ಬೇರೆ ಕಾರಣಕ್ಕೆ ಗೊತ್ತು. 1973ರ ವಿದೇಶಿ ವಿನಿಮಯ ಕಾಯ್ದೆಯಂತೆ ವಿದೇಶಿಯರ ಪಾಲು ಶೇ 40ಕ್ಕೆ ಇಳಿಯಬೇಕಾಗಿ ಬಂದಾಗ ಕಂಪನಿ ಹೊಸ ಷೇರು ಹೊರಡಿಸಿತು. ಷೇರು ಬೇಕೇ ಎಂದು ಕೇಳುವ ಪತ್ರ ವಿದೇಶಿ ಪಾಲುದಾರರ ಕೈಗೆ ಗಡುವು ಮುಗಿದ ಮೇಲೆ ತಲುಪಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1981ರ ತೀರ್ಪು, ಇದು ದಬ್ಬಾಳಿಕೆ ಅಲ್ಲ, ಆದರೆ ತಪ್ಪಿಹೋದ ಅವಕಾಶಕ್ಕೆ ಹಣ ತುಂಬಿಕೊಡಿ ಎಂದಿತು. ಕಂಪನಿ ಕಾನೂನಿನ ಪಾಠದಲ್ಲಿ ಅದನ್ನು ಇಂದಿಗೂ ಓದುತ್ತಾರೆ.

ಪ್ಯಾಕೆಟ್ಟಿನ ಮೇಲಿನ ನಂಬರು ನೋಡಿ ಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಮ್ಮಿ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣದು. ಕಣ್ಣು ಮಂಜಾದವರು ಮಾಮೂಲಿ ಸೂಜಿಯ ಬದಲು ಕಸೂತಿ ಸೂಜಿ ಕೇಳುವುದು ಜಾಣತನ. ದಪ್ಪ ಅಷ್ಟೇ ಇದ್ದರೂ ಅದರ ಕಣ್ಣು ಉದ್ದ. ಮಲೆನಾಡಿನಲ್ಲಿ ಇನ್ನೊಂದು ಶತ್ರು ತುಕ್ಕು. ಉಕ್ಕಿನ ಸೂಜಿಗೆ ನಿಕ್ಕಲ್ ಲೇಪ ಇದ್ದರೂ ಆ ಲೇಪ ಸವೆದಲ್ಲಿ ಜಡಿಮಳೆಯ ತಂಡಿ ಹಿಡಿಯುತ್ತದೆ. ಕಣ್ಣಿನ ಒಳಗೆ ತುಕ್ಕು ಹಿಡಿದರೆ ದಾರ ಹೋಗುವುದೂ ಕಷ್ಟ, ಹೋದರೂ ನಾಲ್ಕು ಹೊಲಿಗೆಗೆ ಸವೆದು ತುಂಡು. ಹಳೆಯವರು ಹೊ‌ಲಿಯುತ್ತ ಹೊಲಿಯುತ್ತ ಸೂಜಿಯನ್ನು ಎಣ್ಣೆ ಹಚ್ಚಿದ ತಲೆಗೂದಲಲ್ಲಿ ಒಮ್ಮೆ ಆಡಿಸುತ್ತಿದ್ದುದು ಸುಮ್ಮನೆ ಅಲ್ಲ. ಅದರಿಂದ ಸೂಜಿ ನುಣುಪಾಗಿ ಜಾರುತ್ತದೆ, ತುಕ್ಕೂ ದೂರ.

ಹನ್ನೆರಡು ಸೂಜಿ, ಒಂದು ರೀಲು

ಪೋಣಿಸಲು ಅಂಗಡಿಯಲ್ಲಿ ಸಾಧನವೂ ಸಿಗುತ್ತದೆ. ತಗಡಿನ ಚೂರಿಗೆ ಕೂದಲೆಳೆಯಷ್ಟು ತಂತಿಯ ಕುಣಿಕೆ. ಕುಣಿಕೆಯನ್ನು ಕಣ್ಣಿನಲ್ಲಿ ತೂರಿಸಿ, ಅದರಲ್ಲಿ ದಾರ ಹಾಕಿ ಹಿಂದಕ್ಕೆ ಎಳೆಯಬೇಕು. ಚೆನ್ನಾದದ್ದೇ, ಆದರೆ ತಂತಿ ಬೇಗ ಕಿತ್ತುಬರುತ್ತದೆ. ತಲೆಯಲ್ಲೇ ಸೀಳು ಇರುವ, ದಾರವನ್ನು ಮೇಲಿನಿಂದ ಒತ್ತಿದರೆ ಒಳಗೆ ಕೂರುವ ಸೂಜಿಯೂ ಉಂಟು. ಆ ಸೀಳಿನ ಅಂಚು ದಾರವನ್ನು ಕೊಯ್ಯುತ್ತದೆ. ಗುಂಡಿ ಹೊಲಿಯಲು ಪರವಾಗಿಲ್ಲ, ಫಾಲ್ಸಿಗೆ ಬೇಡ. ಕಣ್ಣೇ ಕಾಣದವರಲ್ಲಿ ಕೆಲವರು ಸೂಜಿಯ ಹಿಂಬದಿಯನ್ನು ತುಟಿಗಳ ನಡುವೆ ಇಟ್ಟು, ನಾಲಗೆಯ ತುದಿಯಲ್ಲಿ ಕಣ್ಣನ್ನು ಗುರುತಿಸಿ, ದಾರವನ್ನು ಅದರೊಳಗೆ ನಡೆಸುತ್ತಾರೆ. ಬೆರಳಿಗಿಂತ ನಾಲಗೆಗೆ ಸೂಕ್ಷ್ಮ ಹೆಚ್ಚು.

ಇವೆಲ್ಲಕ್ಕಿಂತ ನನಗೆ ಸರಿ ಕಂಡಿರುವುದು ಇನ್ನೊಂದು ಉಪಾಯ. ಒಂದು ಫಾಲ್ಸ್ ಪಟ್ಟಿ ಸುಮಾರು ಎರಡೂವರೆ ಮೀಟರ್ ಉದ್ದ. ಮೇಲೆ, ಕೆಳಗೆ ಎರಡೂ ಅಂಚು ಸೇರಿ ಐದು ಮೀಟರ್ ಹೊಲಿಗೆ. ದಾರವನ್ನು ಮೊಳದುದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಏಕೆಂದರೆ ಪ್ರತಿ ಹೊಲಿಗೆಗೂ ಇಡೀ ದಾರ ಬಟ್ಟೆಯನ್ನು ಉಜ್ಜಿಕೊಂಡು ಹಾಯುತ್ತದೆ. ಉದ್ದವಿದ್ದಷ್ಟೂ ಅದೇ ಜಾಗ ಮತ್ತೆ ಮತ್ತೆ ಉಜ್ಜಿ ನಾರೆದ್ದು ಸಿಕ್ಕಾಗುತ್ತದೆ. ಹಾಗಾಗಿ ಒಂದು ಸೀರೆಗೆ ಹತ್ತು-ಹನ್ನೆರಡು ಸಲ ದಾರ ಹಾಕಬೇಕು. ಅಜ್ಜಿಗೆ ಹನ್ನೆರಡು ಸಲ ಮೊಮ್ಮಗ ಸಿಗುವುದಿಲ್ಲ. ಆದರೆ ವರ್ಷಕ್ಕೆರಡು ಸಲ ಸಿಗುತ್ತಾನೆ, ದೀಪಾವಳಿಗೊಮ್ಮೆ, ಬೇಸಿಗೆ ರಜೆಗೊಮ್ಮೆ.

ಆಗ ಮಾಡಬೇಕಾದದ್ದು ಇಷ್ಟು. ಹೊಸ ರೀಲಿನ ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ರೀಲಿನಿಂದ ದಾರ ಬಿಡಿಸದೆ ಒಂದರ ಹಿಂದೆ ಒಂದು ಹನ್ನೆರಡು ಸೂಜಿಗಳನ್ನು ಅದೇ ದಾರಕ್ಕೆ ಪೋಣಿಸಬೇಕು. ಸೂಜಿಗಳು ಜಾರಿಹೋಗದಂತೆ ತುದಿಗೆ ದಪ್ಪ ಗಂಟು. ಹೊಲಿಯುವಾಗ ತುದಿಯ ಮೊದಲ ಸೂಜಿಯನ್ನು ಉಳಿಸಿಕೊಂಡು, ಮಿಕ್ಕ ಹನ್ನೊಂದನ್ನು ರೀಲಿನ ಕಡೆಗೆ ಹಿಂದಕ್ಕೆ ದೂಡಿ, ಮಧ್ಯೆ ಒಂದು ಮೊಳ ದಾರ ಎಳೆದು ಕತ್ತರಿಸಿದರೆ ದಾರ ಹಾಕಿದ ಸೂಜಿ ಸಿದ್ಧ. ರೀಲಿನ ಕಡೆ ಉಳಿದ ತುದಿಗೆ ಮತ್ತೊಂದು ಗಂಟು ಹಾಕಿಟ್ಟರಾಯಿತು. ಗಂಟು ಹಾಕಲು ಕಣ್ಣು ಬೇಡ, ತೋರುಬೆರಳಿಗೆ ಒಂದು ಸುತ್ತು ಸುತ್ತಿ ಹೆಬ್ಬೆರಳಲ್ಲಿ ಉಜ್ಜಿ ಎಳೆದರೆ ತಾನೇ ಬೀಳುತ್ತದೆ.

ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸಿನ ಜೊತೆ ಎರಡು ಪ್ಯಾಕೆಟ್ ಕಸೂತಿ ಸೂಜಿಯನ್ನೂ ಕೊಂಡುಹೋಗಿ. ಬಿಳಿ ರೀಲಿಗೆ ಒಂದು ಡಜನ್, ಕಪ್ಪು ರೀಲಿಗೆ ಒಂದು ಡಜನ್ ಪೋಣಿಸಿ, ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿದ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿಟ್ಟು ಬನ್ನಿ. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ.